ಅಜ್ಜಿಯ ಗುಳಿಗಿ ಡಬ್ಬಿ ಮತ್ತು ಒಂದು ಸೂಜಿಯ ಇತಿಹಾಸ

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಆಫೀಸು, ರಿಲೀಸು, ಅದೂ ಇದೂ ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಬರೀ ಸೋಮಾರಿತನ :-) ಈ ಸಲ ಬರೆಯಲು ಕೂರಿಸಿದ್ದು ಒಂದು ಹಳೆಯ ಬಿಸ್ಕಿಟ್ ಡಬ್ಬಿ.

ಅಜ್ಜಿ ತೀರಿಕೊಂಡು ಒಂದು ವರ್ಷ ಆಯಿತು. ವರ್ಷದ ಕಾರ್ಯಕ್ಕೆ ಊರಿಗೆ ಹೋಗಿದ್ದೆ. ಊರು ಅಂದರೆ ಬಾಗಲಕೋಟೆಯ ನವನಗರ. ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅವ್ವ ಅಜ್ಜಿಯ ಕಪಾಟು ತೆಗೆದಳು. ಎರಡು ಇಳಕಲ್ ಸೀರೆ, ಒಂದು ಚೀಲದ ತುಂಬ ದವಾಖಾನೆಯ ಚೀಟಿ, ಅದರ ಕೆಳಗೆ ಈ ಡಬ್ಬಿ. ಒಳಗೆ ಬಿಪಿ ಗುಳಿಗೆಯ ಅರ್ಧ ಖಾಲಿಯಾದ ಪಟ್ಟಿಗಳು, ಎಂದೋ ಕೊಟ್ಟು ಪೂರ್ತಿ ನುಂಗದೆ ಬಿಟ್ಟ ಆಂಟಿಬಯೋಟಿಕ್, ಅಂಟಂಟಾದ ಕೆಮ್ಮಿನ ಔಷಧದ ಬಾಟಲಿ, ಕಣ್ಣಿನ ಹನಿ, ಇನ್ಸುಲಿನ್ ಬುಡ್ಡಿಗಳು. ಜೊತೆಗೆ ಒಂದು ಹಾರ್ಲಿಕ್ಸ್ ಬಾಟಲಿಯ ತುಂಬ ಬಳಸಿದ ಸೂಜಿಗಳು.

"ಇದನ್ನೆಲ್ಲಾ ಎಲ್ಲಿ ಒಗೀಬೇಕೋ?" ಅಂದಳು ಅವ್ವ.

ನನಗೆ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದ ಮಗ, ಬೆಂಗಳೂರಿನಲ್ಲಿ ಕೆಲಸ, ದಿನಾ ಎಂಥೆಂಥದೋ ಸಮಸ್ಯೆ ಬಗೆಹರಿಸುತ್ತೇನೆ ಅಂತ ಅವ್ವ ನಾಲ್ಕು ಜನರಿಗೆ ಹೇಳಿಕೊಂಡು ತಿರುಗುತ್ತಾಳೆ. ಒಂದು ಡಬ್ಬಿ ಎಲ್ಲಿ ಎಸೆಯಬೇಕು ಅನ್ನುವುದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅವತ್ತಿನಿಂದ ಹುಡುಕಿ ಹುಡುಕಿ ಓದಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ.

ಆದರೆ ಆ ಹಾರ್ಲಿಕ್ಸ್ ಬಾಟಲಿ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಬೇಕು.

ಅಜ್ಜಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಚುಚ್ಚಿದ ಮೇಲೆ ಸಿರಿಂಜನ್ನು ಕ್ಯಾರಿ ಬ್ಯಾಗಿಗೆ ಹಾಕಿ ಕಸದ ಬುಟ್ಟಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಬೆಳಿಗ್ಗೆ ಕಸದ ಗಾಡಿ ಬಂದರೆ ಅದರ ಪಾಡಿಗೆ ಅದು ಹೋಗುತ್ತಿತ್ತು. ನಾಲ್ಕು ವರ್ಷದ ಹಿಂದೆ, ನಾನು ರಜೆಗೆ ಮನೆಯಲ್ಲಿದ್ದಾಗ, ಗಾಡಿಯ ಜೊತೆ ಬರುವ ಅಕ್ಕ ಗೇಟಿನ ಹೊರಗೆ ನಿಂತು ಅವ್ವನನ್ನು ಕರೆದಳು. ಬಲಗೈ ಬೆರಳು ಒತ್ತಿ ಹಿಡಿದಿದ್ದಳು. ಸೆರಗಿಗೆ ರಕ್ತ. ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ. ಇಷ್ಟೇ ಕೇಳಿದಳು:

"ಯವ್ವಾ, ಈ ಸೂಜಿ ನಿಮ್ಮ ಮನೀದು. ನಿಮ್ಮ ಮನ್ಯಾಗ ಯಾರಿಗೆ ಏನ್ ಬ್ಯಾನಿ ಐತಿ, ಖರೇ ಹೇಳ್ರಿ."

"ನಮ್ಮ ಅತ್ತೀಗೆ ಸಕ್ಕರಿ ಬ್ಯಾನಿ ಅಷ್ಟ ಐತಿ ತಂಗಿ, ಬ್ಯಾರೆ ಏನೂ ಇಲ್ಲ" ಅಂದಳು ಅವ್ವ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಮುಖ ನೋಡಿದಳು. ಬೇರೆ ಏನೂ ಇಲ್ಲ ಅನ್ನುವುದು ನಮಗಾದರೂ ಹೇಗೆ ಗೊತ್ತು? ಯಾವತ್ತು ಪರೀಕ್ಷೆ ಮಾಡಿಸಿದ್ದೆವು? ಅವತ್ತೇ ಅಪ್ಪ ಆಕೆಯನ್ನು ದವಾಖಾನೆಗೆ ಕರೆದುಕೊಂಡು ಹೋದ. ಅಜ್ಜಿಯ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆವು. ಅಜ್ಜಿಯ ವರದಿಯಲ್ಲಿ ಏನೂ ಇರಲಿಲ್ಲ. ಆದರೂ ಆ ಅಕ್ಕ ಆರು ತಿಂಗಳ ತನಕ ಮತ್ತೆ ಮತ್ತೆ ರಕ್ತ ಕೊಟ್ಟು ಬಂದಳು. ದೇವರ ದಯೆ, ಏನೂ ಆಗಲಿಲ್ಲ. ಆದರೆ ಆಮೇಲೆ ನಮ್ಮ ಮನೆಯ ಕಸವನ್ನು ಆಕೆ ಒಮ್ಮೆಯೂ ಕೈಯಿಂದ ಎತ್ತಲಿಲ್ಲ. ಒಂದು ಕೋಲು ಇಟ್ಟುಕೊಂಡಿದ್ದಳು. ಅವ್ವ ಮರುದಿನದಿಂದ ಸೂಜಿಗಳನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕತೊಡಗಿದಳು. ಬಾಟಲಿ ತುಂಬಿತು. ಮುಂದೇನು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಅದು ಕಪಾಟಿನಲ್ಲಿ ಉಳಿಯಿತು.

ಈಗ ಇತಿಹಾಸಕ್ಕೆ ಬರೋಣ.

ತಿಪ್ಪೆಯ ಕಾಲ

ನಮ್ಮ ಅಜ್ಜಿಯ ಬಾಲ್ಯದಲ್ಲಿ ಮನೆಯ ಕಸಕ್ಕೆಲ್ಲ ಒಂದೇ ವಿಳಾಸ, ತಿಪ್ಪೆ. ಸಗಣಿ, ಬೂದಿ, ಕಾಯಿಪಲ್ಲೆಯ ಸಿಪ್ಪೆ, ಅರೆದು ಉಳಿದ ಬೇರು, ಕುದಿಸಿ ಸೋಸಿದ ಕಷಾಯದ ಗಸಿ, ಎಲ್ಲವೂ ಅಲ್ಲಿಗೇ. ವರ್ಷಕ್ಕೊಮ್ಮೆ ತಿಪ್ಪೆ ಚಕ್ಕಡಿ ಏರಿ ಹೊಲಕ್ಕೆ ಹೋಗುತ್ತಿತ್ತು. ಹಳೆಯ ವೈದ್ಯದಲ್ಲಿ ಪಾದರಸ, ಗಂಧಕ ಇದ್ದವು ನಿಜ. ಆದರೆ ಮನೆಮಟ್ಟದ ಮದ್ದು ಹೆಚ್ಚಿನಂಶ ಗಿಡಮೂಲಿಕೆ. ಉಳಿದರೆ ಮಣ್ಣಿಗೆ ಸೇರಿ ಕರಗುತ್ತಿತ್ತು. ಹಾಗಾಗಿ ಉಳಿದ ಔಷಧ ಏನು ಮಾಡಬೇಕು ಅನ್ನುವ ಪ್ರಶ್ನೆಯೇ ಹುಟ್ಟಿರಲಿಲ್ಲ.

ಸೂಜಿಯ ಕಥೆ ಬೇರೆ. ಚರ್ಮದ ಕೆಳಗೆ ಔಷಧ ಚುಚ್ಚುವ ಸಿರಿಂಜು ಹುಟ್ಟಿದ್ದು 1853ರ ಹೊತ್ತಿಗೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಲೆಕ್ಸಾಂಡರ್ ವುಡ್, ಫ್ರಾನ್ಸಿನ ಲಿಯೋನಿನಲ್ಲಿ ಚಾರ್ಲ್ಸ್ ಪ್ರವಾಜ್, ಇಬ್ಬರೂ ಬೇರೆ ಬೇರೆಯಾಗಿ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಅದನ್ನು ರೂಪಿಸಿದರು. ಅದಕ್ಕೂ ಮುಂಚೆ 1844ರಲ್ಲಿ ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ ಟೊಳ್ಳು ಸೂಜಿ ಬಳಸಿದ್ದ. ಮುಂದೆ ಪೂರ್ತಿ ಗಾಜಿನ ಸಿರಿಂಜು ಬಂತು, ಅದು ಬಂದಿದ್ದರಿಂದ ಕುದಿಸಿ ಶುದ್ಧ ಮಾಡುವುದು ಸುಲಭ ಆಯಿತು.

ನಮ್ಮ ಭಾಗಕ್ಕೆ ಸೂಜಿ ದೊಡ್ಡ ಪ್ರಮಾಣದಲ್ಲಿ ಬಂದಿದ್ದು ಪ್ಲೇಗಿನ ಜೊತೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ಮುಂಬಯಿ ಪ್ರಾಂತದ ದಕ್ಷಿಣಕ್ಕೂ ಹಬ್ಬಿತು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲೇ ಕೂತು ಅದಕ್ಕೊಂದು ಲಸಿಕೆ ತಯಾರಿಸಿದ. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತು ಆ ಲಸಿಕೆ ಚುಚ್ಚಿಸಿಕೊಂಡರು. ಕೆಲವೇ ಸೂಜಿ, ಸಾವಿರಾರು ತೋಳು! ಒಂದು ತೋಳಿನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಸೂಜಿ ಶುದ್ಧವಾಗಬೇಕು ಅನ್ನುವುದೇ ಆಗಿನ ದೊಡ್ಡ ಸವಾಲು.

ಶುದ್ಧಿ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ನಾಲ್ಕೇ ವರ್ಷದಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ ತೋರಿಸಿತು. 1902ರ ಅಕ್ಟೋಬರ್ 30ರಂದು ಅಲ್ಲಿ 107 ಜನರಿಗೆ ಪ್ಲೇಗು ಲಸಿಕೆ ಹಾಕಿದರು. ಅದರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. 19 ಜನರಿಗೂ ಒಂದೇ ಬಾಟಲಿಯ ಲಸಿಕೆ ಹೋಗಿತ್ತು. ತಪ್ಪೆಲ್ಲ ಹಾಫ್ಕಿನ್ ತಲೆಗೆ ಬಂತು, ಕೆಲಸ ಹೋಯಿತು. ಅವನದು ತಪ್ಪಲ್ಲ, ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಆದ ಅಜಾಗರೂಕತೆ ಎಂದು ಒಪ್ಪಿಕೊಳ್ಳಲು 1907 ಬರಬೇಕಾಯಿತು.

ಕುದಿಯುವ ಡಬ್ಬಿ

ಇದಾದ ಮೇಲೆ ಮುಕ್ಕಾಲು ಶತಮಾನದ ಕಾಲ ಸೂಜಿ ಅಂದರೆ ಗಾಜು ಮತ್ತು ಉಕ್ಕು. ಅದು ಕಸ ಅಲ್ಲ, ಆಸ್ತಿ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಇನ್ಸುಲಿನ್ ಕಂಡುಹಿಡಿದು, 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಚುಚ್ಚಿದಾಗ ಬಳಸಿದ್ದೂ ಅಂಥದ್ದೇ. ಆಗಿನ ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಸಿರಿಂಜು ಕುದಿಸುತ್ತಿದ್ದರು, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಳ್ಳುತ್ತಿದ್ದರು.

ಅಜ್ಜಿ ಹಳೇ ಬಾಗಲಕೋಟೆಯ ಕಂಪೌಂಡರ್ ಬಗ್ಗೆ ಹೇಳುತ್ತಿದ್ದಳು. "ಸ್ಟೋವ್ ಮ್ಯಾಲೆ ಡಬ್ಬಿ ಇಟ್ಟು ಗುಳುಗುಳು ಕುದಿಸ್ತಿದ್ದ. ಆ ಸಪ್ಪಳ ಕೇಳಿದ್ರ ಸಾಕು, ಹುಡುಗ್ರು ಓಡಿ ಹೋಗ್ತಿದ್ವು." ಆ ಡಬ್ಬಿಯಲ್ಲಿ ಐದಾರು ಸೂಜಿ. ಬೆಳಿಗ್ಗೆಯಿಂದ ಸಂಜೆ ತನಕ ಊರಿಗೆಲ್ಲ ಅವೇ. ಎಸೆಯುವ ಮಾತೇ ಇಲ್ಲ!

ಅದೇ ಪದ್ಧತಿಯಲ್ಲಿ ಅಪಾಯವೂ ಇತ್ತು. ಈಜಿಪ್ಟಿನಲ್ಲಿ 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಒಂದು ಜಂತುರೋಗದ ವಿರುದ್ಧ ಸರ್ಕಾರವೇ ಹಳ್ಳಿಹಳ್ಳಿಗೆ ಹೋಗಿ ಚುಚ್ಚುಮದ್ದು ಕೊಟ್ಟಿತು. ಗಾಜಿನ ಸಿರಿಂಜು, ಸರಿಯಾಗಿ ಕುದಿಯದ ಸೂಜಿ. ಜಂತುರೋಗ ಕಡಿಮೆಯಾಯಿತು, ಆದರೆ ಅದೇ ಸೂಜಿಗಳಿಂದ ಹೆಪಟೈಟಿಸ್ ಸಿ ದೇಶದ ತುಂಬ ಹರಡಿತು. ಆಗ ಆ ವೈರಸ್ಸಿಗೆ ಇನ್ನೂ ಹೆಸರೂ ಇರಲಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸ ಒಂದು ಪೀಳಿಗೆಯ ಯಕೃತ್ತನ್ನೇ ಹಾಳು ಮಾಡಿತು.

ಇದಕ್ಕೆ ಪರಿಹಾರವಾಗಿ ಬಂದಿದ್ದು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜು. ನ್ಯೂಜಿಲೆಂಡಿನ ಕಾಲಿನ್ ಮರ್ಡಾಕ್ 1956ರಲ್ಲಿ ಅದರ ವಿನ್ಯಾಸ ಮಾಡಿದ. 1961ರಲ್ಲಿ ಅಮೆರಿಕಾದ ಬೆಕ್ಟನ್ ಡಿಕಿನ್ಸನ್ ಕಂಪನಿ ದೊಡ್ಡ ಮಟ್ಟದಲ್ಲಿ ಮಾರುಕಟ್ಟೆಗೆ ತಂದಿತು. ಭಾರತದಲ್ಲಿ 1986ರಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ ಜನರಿಗೂ ಭಯ ಹುಟ್ಟಿತು. "ಡಾಕ್ಟ್ರೇ, ಹೊಸಾ ಸೂಜಿ ತಗೀರಿ" ಅಂತ ನಮ್ಮ ಕಡೆಯವರೂ ಕೇಳಲು ಕಲಿತರು. ಒಳ್ಳೆಯದೇ ಆಯಿತು.

ಆದರೆ ನೋಡಿ, ಇಲ್ಲೊಂದು ತಿರುವು ಇದೆ. ಸೂಜಿ ಕುದಿಸುವ ಡಬ್ಬಿಯಿಂದ ಹೊರಗೆ ಬಂದು ಮೊದಲ ಬಾರಿಗೆ ಕಸ ಆಯಿತು. ರೋಗಿಯ ತೋಳಿಗಿದ್ದ ಅಪಾಯ ಪೂರ್ತಿ ಹೋಗಲಿಲ್ಲ. ಅದರಲ್ಲಿ ಒಂದು ಪಾಲು ಕಸ ಎತ್ತುವವರ ಬೆರಳಿಗೆ ವರ್ಗವಾಯಿತು.

ಊರೇ ಎದ್ದು ಹೋದಾಗ

ಇದೇ ವರ್ಷಗಳಲ್ಲಿ ನಮ್ಮ ಊರಿಗೂ ಒಂದು ದೊಡ್ಡ ತಿರುವು ಬಂತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಆಗ ಅವರಿನ್ನೂ ಪ್ರಧಾನಿ ಆಗಿರಲಿಲ್ಲ, ಆಗಿದ್ದು ಮುಂದಿನ ತಿಂಗಳು. ಕೃಷ್ಣೆಯ ಹಿನ್ನೀರು ಘಟಪ್ರಭೆಯ ದಂಡೆಯ ಬಾಗಲಕೋಟೆಯನ್ನು ಮುಳುಗಿಸುತ್ತದೆ ಅನ್ನುವುದು ಖಚಿತವಾದ ಮೇಲೆ, ಹಳೆಯ ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಹೊಸ ಊರು ಕಟ್ಟುವ ಕೆಲಸ ಶುರುವಾಯಿತು. ಅದಕ್ಕೆಂದೇ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ. ಅದು ಕಟ್ಟಿದ ಊರೇ ನವನಗರ. 1997ರಲ್ಲಿ ವಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾದಾಗ ಕಚೇರಿಗಳೆಲ್ಲ ಇಲ್ಲಿಗೇ ಬಂದವು.

ಬೇರೆ ಊರಿನವರು ನವನಗರಕ್ಕೆ ಬಂದರೆ ಮೊದಲು ಹೇಳುವ ಮಾತು, "ಏನ್ ಅಗಲ ರೋಡ್ ರೀ!" ಸೆಕ್ಟರ್‌ಗೊಂದು ನಂಬರು, ಯೂನಿಟ್‌ಗೊಂದು ನಂಬರು, ಗಟಾರ, ಶಾಲೆ, ಸಂತೆ, ಉದ್ಯಾನ, ಪ್ರತಿಯೊಂದಕ್ಕೂ ನಕಾಶೆಯಲ್ಲಿ ಜಾಗ. ಹಳೆಯ ಊರಿನ ಓಣಿಗಳಲ್ಲಿ ಬೆಳೆದ ಅಜ್ಜಿಗೆ ಇದೊಂದು ಬೆರಗು. "ಇಲ್ಲಿ ಎಲ್ಲಾದ್ಕೂ ಜಾಗ ಮಾಡ್ಯಾರ ನೋಡು, ತಿಪ್ಪಿಗೆ ಮಾತ್ರ ಮಾಡಿಲ್ಲ" ಅನ್ನುತ್ತಿದ್ದಳು. ಆಗ ನಾವೆಲ್ಲ ನಕ್ಕಿದ್ದೆವು. ಈಗ ಅನಿಸುತ್ತದೆ, ಅಜ್ಜಿ ಹೇಳಿದ್ದು ಸರಿ. ಸಂಕೀರ್ಣ ತೆರೆಯುವುದಕ್ಕೆ ಮುಂಚೆ ಒಂದು ಕೇಳಬೇಕು: ಮನೆಯಿಂದ ಹೊರಗೆ ಹೋದದ್ದು ಕೊನೆಗೆ ಎಲ್ಲಿ ಮುಟ್ಟುತ್ತದೆ? ತಿಪ್ಪೆಯ ಕಾಲದಲ್ಲಿ ಅದು ಕಣ್ಣೆದುರೇ ಇತ್ತು. ನವನಗರದಲ್ಲಿ ಗಾಡಿ ತಿರುವಿನಲ್ಲಿ ಮರೆಯಾದರೆ ಮುಗಿಯಿತು.

ಮನೆಯೊಳಗೂ ಬದಲಾವಣೆ ಆಯಿತು. ಸಕ್ಕರೆ ಕಾಯಿಲೆ, ಬಿಪಿ ಮನೆಮನೆಗೆ ಬಂದವು. ದವಾಖಾನೆಯಲ್ಲಿ ಆಗುತ್ತಿದ್ದ ಎಷ್ಟೋ ಕೆಲಸ ಅಡುಗೆಮನೆಯ ಪಕ್ಕಕ್ಕೆ ಬಂತು. ಇನ್ಸುಲಿನ್ ಫ್ರಿಜ್ಜಿಗೆ ಬಂತು, ರಕ್ತ ನೋಡುವ ಯಂತ್ರ ಟಿವಿ ಮೇಲೆ ಬಂತು. ಮನೆಯೇ ಒಂದು ಸಣ್ಣ ದವಾಖಾನೆ ಆಯಿತು. ಕಾನೂನಿಗೆ ಮಾತ್ರ ಇದು ತಿಳಿಯಲು ಬಹಳ ವರ್ಷ ಹಿಡಿಯಿತು.

ಎರಡು ಕಾನೂನಿನ ಮಧ್ಯೆ ಬಿದ್ದ ಸೂಜಿ

1998ರ ಜುಲೈ 20ರಂದು ಭಾರತದಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯದ ಮೊದಲ ನಿಯಮ ಬಂತು. (ನಾನು ಹುಟ್ಟಿದ್ದೂ ಅದೇ ವರ್ಷ!) ಅದರಲ್ಲಿ ತ್ಯಾಜ್ಯವನ್ನು 10 ವರ್ಗ ಮಾಡಿದ್ದರು. 4ನೆಯ ವರ್ಗ ಸೂಜಿಯಂಥ ಚೂಪು ವಸ್ತು, 5ನೆಯದು ಬಿಸಾಡಿದ ಔಷಧ. ಯಾರಿಗೆ ಈ ನಿಯಮ? ಆಸ್ಪತ್ರೆ, ನರ್ಸಿಂಗ್ ಹೋಮ್, ಕ್ಲಿನಿಕ್, ಪಶು ಚಿಕಿತ್ಸಾಲಯ, ಪ್ರಯೋಗಾಲಯ, ರಕ್ತನಿಧಿ. ಪಟ್ಟಿಯಲ್ಲಿ ಮನೆ ಇಲ್ಲ.

ಎರಡು ವರ್ಷ ಬಿಟ್ಟು 2000ದಲ್ಲಿ ಊರಿನ ಘನತ್ಯಾಜ್ಯದ ನಿಯಮ ಬಂತು. ಅದರ ಹಿಂದೆ ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯ ಶ್ರಮ ಇದೆ. ಆ ನಿಯಮ ಏನು ಹೇಳಿತು ಗೊತ್ತೇ? ವೈದ್ಯಕೀಯ ತ್ಯಾಜ್ಯವನ್ನು ಊರಿನ ಕಸದ ಜೊತೆ ಬೆರೆಸಕೂಡದು.

ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಎರಡು ಮಾಡ್ಯೂಲುಗಳು; ಈ ಕೇಸನ್ನು ಇನ್ನೊಂದು ನೋಡಿಕೊಳ್ಳುತ್ತದೆ ಅಂತ ಎರಡೂ ಅಂದುಕೊಂಡವು. ಆಸ್ಪತ್ರೆಯ ಕಾನೂನಿನಲ್ಲಿ ಮನೆ ಇಲ್ಲ, ಊರ ಕಸದ ಕಾನೂನಿನಲ್ಲಿ ಸೂಜಿಗೆ ಜಾಗ ಇಲ್ಲ. ಅಜ್ಜಿಯ ಸೂಜಿ ಎರಡರ ಮಧ್ಯೆ ಬಿತ್ತು. 16 ವರ್ಷ ಅಲ್ಲೇ ಬಿದ್ದಿತ್ತು.

ಆ 16 ವರ್ಷದಲ್ಲಿ ಏನೂ ಆಗಲಿಲ್ಲ ಅಂತಲ್ಲ. ಈ ಶತಮಾನದ ಆರಂಭದಲ್ಲಿ ನಡೆದ ಒಂದು ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್ ಕೊಡಲಾಗುತ್ತಿತ್ತು, ಅವುಗಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಅಸುರಕ್ಷಿತ. 2009ರ ಆರಂಭದಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ 40ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಮಾಡಿದಾಗ ಹೊರಬಂದಿದ್ದು ಬಳಸಿದ ಸಿರಿಂಜುಗಳ ಮರುಬಳಕೆ. ದಾಳಿ ಮಾಡಿದರೆ ಗೋದಾಮುಗಳಲ್ಲಿ ವೈದ್ಯಕೀಯ ಕಸದ ರಾಶಿ ಸಿಕ್ಕಿತು. ಎಸೆದ ಸೂಜಿ ಎಸೆದಲ್ಲೇ ಇರುವುದಿಲ್ಲ, ಅದಕ್ಕೂ ಗಿರಾಕಿ ಇದ್ದಾರೆ ಅನ್ನುವುದು ಆಗ ಎಲ್ಲರಿಗೂ ತಿಳಿಯಿತು.

ಕೊನೆಗೆ 2016ರಲ್ಲಿ ಎರಡೂ ಕಾನೂನುಗಳು ಹೊಸದಾದವು. ಮಾರ್ಚ್ 28ಕ್ಕೆ ವೈದ್ಯಕೀಯ ತ್ಯಾಜ್ಯದ ನಿಯಮ, ಏಪ್ರಿಲ್ 8ಕ್ಕೆ ಘನತ್ಯಾಜ್ಯದ ನಿಯಮ. ಎರಡನೆಯದರಲ್ಲಿ "ಮನೆಯ ಅಪಾಯಕಾರಿ ತ್ಯಾಜ್ಯ" ಎಂಬ ಹೊಸ ವರ್ಗ ಬಂತು. ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟು, ಒಡೆದ ಪಾದರಸದ ಥರ್ಮಾಮೀಟರು, ಬ್ಯಾಟರಿ, ಅವಧಿ ಮೀರಿದ ಔಷಧ, ಬಳಸಿದ ಸೂಜಿ ಮತ್ತು ಸಿರಿಂಜು. ಇವನ್ನು ಜನ ತಂದು ಒಪ್ಪಿಸಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು, ಅದರ ಸಮಯವನ್ನೂ ಪ್ರಕಟಿಸಬೇಕು ಎಂದು ಬರೆದರು. ವೈದ್ಯಕೀಯ ನಿಯಮದಲ್ಲೂ, ಮನೆಯಲ್ಲಿ ಹುಟ್ಟಿದ ಇಂಥ ಕಸವನ್ನು ಪ್ರತ್ಯೇಕ ಚೀಲ ಅಥವಾ ಡಬ್ಬಿಯಲ್ಲಿ ಕಸದವರಿಗೆ ಕೊಡಬೇಕು, ನಗರಸಭೆ ಅದನ್ನು ವೈದ್ಯಕೀಯ ತ್ಯಾಜ್ಯ ಘಟಕಕ್ಕೆ ಮುಟ್ಟಿಸಬೇಕು ಎಂಬ ಮಾತು ಸೇರಿತು. 2026ರ ಜನವರಿಯಲ್ಲಿ ಪ್ರಕಟವಾಗಿ ಏಪ್ರಿಲ್ 1ರಿಂದ ಜಾರಿಗೆ ಅಂದ ಹೊಸ ಘನತ್ಯಾಜ್ಯ ನಿಯಮ ಕಸವನ್ನು ನಾಲ್ಕು ಪಾಲು ಮಾಡಿದೆ: ಹಸಿ, ಒಣ, ನೈರ್ಮಲ್ಯದ ಕಸ, ಮತ್ತು ವಿಶೇಷ ಕಾಳಜಿಯ ಕಸ. ಔಷಧಗಳು ಈ ನಾಲ್ಕನೆಯದಕ್ಕೆ ಸೇರಿವೆ.

ಅಂದರೆ ಕಾಗದದ ಮೇಲೆ ಅಜ್ಜಿಯ ಡಬ್ಬಿಗೆ ವಿಳಾಸ ಸಿಕ್ಕಿದೆ.

ಗುಳಿಗೆ ಎಲ್ಲಿಗೆ ಹೋಗುತ್ತದೆ

ಸೂಜಿ ಚುಚ್ಚಿದರೆ ತಕ್ಷಣ ಗೊತ್ತಾಗುತ್ತದೆ. ಗುಳಿಗೆ ಹಾಗಲ್ಲ, ಅದು ಸುಮ್ಮನೆ ಕೆಲಸ ಮಾಡುತ್ತದೆ.

ಇದಕ್ಕೆ ನಮ್ಮ ದೇಶದಲ್ಲೇ ನಡೆದ ದೊಡ್ಡ ಉದಾಹರಣೆ ರಣಹದ್ದು. ಕೆಲವೇ ವರ್ಷಗಳಲ್ಲಿ ಕೋಟಿಗಟ್ಟಲೆ ರಣಹದ್ದುಗಳು ಸತ್ತವು. ಕಾರಣ ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬುದು 2004ರಲ್ಲಿ ಪತ್ತೆಯಾಯಿತು. ಸತ್ತ ದನದ ಮಾಂಸದಲ್ಲಿ ಉಳಿದ ಔಷಧ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮ ಆಗಿದ್ದರ ಹಿಂದೆ ಈ ಕಥೆ ಇದೆ. ಇದು ಮನೆಯ ಕಸದಿಂದ ಆಗಿದ್ದಲ್ಲ ನಿಜ. ಆದರೆ ಒಂದು ದೇಹದ ನೋವಿಗೆ ಕೊಟ್ಟ ಮದ್ದು ಆ ದೇಹದ ಜೊತೆ ಮುಗಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಹಾಗೆಯೇ 2007ರಲ್ಲಿ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಸಂಸ್ಕರಿಸಿದ ನೀರನ್ನು ಪರೀಕ್ಷಿಸಿದಾಗ ಒಂದು ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಸಿನ್ ಸಿಕ್ಕಿತು. ಅಂಥ ನೀರಿನಲ್ಲಿ ಬೆಳೆಯುವ ರೋಗಾಣು ಔಷಧಕ್ಕೇ ಬಗ್ಗದಂತಾಗುತ್ತದೆ.

ಉಳಿದ ಔಷಧ ಒಂದು ಸಮಸ್ಯೆ ಎಂದು ಜಗತ್ತು ಒಪ್ಪಿಕೊಂಡಿದ್ದು ಯುದ್ಧದ ಮೂಲಕ. 1992ರಿಂದ 1996ರವರೆಗೆ ಯುದ್ಧಪೀಡಿತ ಬೋಸ್ನಿಯಾಕ್ಕೆ ದಾನವಾಗಿ ಬಂದ ಔಷಧಗಳಲ್ಲಿ ಸುಮಾರು 17,000 ಟನ್ ನಿರುಪಯೋಗಿ ಎಂದು ಅಂದಾಜು ಮಾಡಿದರು. ಅವಧಿ ಮೀರಿದ್ದು, ಹೆಸರು ಓದಲಾಗದ್ದು, ಬೇಡವಾದದ್ದು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಔಷಧದ ವಿಲೇವಾರಿಗೆಂದೇ ಮಾರ್ಗಸೂಚಿ ಹೊರತಂದಿತು. ಫ್ರಾನ್ಸಿನಲ್ಲಿ ಔಷಧ ಅಂಗಡಿಗಳೇ ಉಳಿದ ಗುಳಿಗೆ ವಾಪಸ್ ಪಡೆಯುತ್ತವೆ. ಅಮೆರಿಕಾದಲ್ಲಿ 2010ರ ಸೆಪ್ಟೆಂಬರಿನಿಂದ ಅದಕ್ಕೆಂದೇ ನಿಗದಿಯಾದ ದಿನಗಳಿವೆ.

ನಮ್ಮ ಪಕ್ಕದ ಕೇರಳವೂ ಶುರು ಮಾಡಿದೆ. 2025ರ ಫೆಬ್ರವರಿಯಲ್ಲಿ ಕೋಝಿಕ್ಕೋಡಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ 'ಎನ್‌ಪ್ರೌಡ್' ಎಂಬ ಯೋಜನೆ ಆರಂಭಿಸಿ ಮನೆಗಳಿಂದ ಮತ್ತು ಸಂಗ್ರಹ ಪೆಟ್ಟಿಗೆಗಳಿಂದ ಹಳೆ ಔಷಧ ತೆಗೆದುಕೊಳ್ಳತೊಡಗಿತು. ಅದೇ ವರ್ಷ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯೂ ಒಂದು ಮಾರ್ಗದರ್ಶಿ ಪ್ರಕಟಿಸಿ, ರಾಜ್ಯಗಳ ಇಲಾಖೆಗಳು ಔಷಧ ವ್ಯಾಪಾರಿಗಳ ಸಂಘದ ಜೊತೆ ಸೇರಿ ಇಂಥ ಮರಳಿ ಪಡೆಯುವ ಕಾರ್ಯಕ್ರಮ ಮಾಡಬಹುದು ಎಂದಿತು. ಜೊತೆಗೆ 17 ಔಷಧಗಳ ಪಟ್ಟಿ ಕೊಟ್ಟು ಇವನ್ನು ಮಾತ್ರ ಸಂಡಾಸಿಗೆ ಹಾಕಿ ನೀರು ಬಿಡಿ ಎಂದಿತು. ಫೆಂಟನಿಲ್, ಟ್ರಮಡಾಲ್, ಡಯಾಜೆಪಾಮ್‌ನಂಥವು. ಮಕ್ಕಳೋ ಮತ್ತೊಬ್ಬರೋ ತಪ್ಪಿ ನುಂಗಿದರೆ ಒಂದೇ ಡೋಸಿಗೆ ಜೀವ ಹೋಗಬಹುದು ಅನ್ನುವ ಕಾರಣಕ್ಕೆ. ಉಳಿದ ಯಾವ ಗುಳಿಗೆಯನ್ನೂ ಸಂಡಾಸಿಗಾಗಲೀ ಗಟಾರಕ್ಕಾಗಲೀ ಹಾಕಬಾರದು.

ಕಸ ಎತ್ತುವವರ ಇತಿಹಾಸ

ಇಷ್ಟೆಲ್ಲ ಓದುವಾಗ ನನಗೆ ಒಂದು ವಿಷಯ ಚುಚ್ಚಿತು. ಸೂಜಿ ಕಂಡುಹಿಡಿದವರ ಹೆಸರು, ವರ್ಷ, ಊರು ಎಲ್ಲ ಪುಸ್ತಕದಲ್ಲಿದೆ. ಎಸೆದ ಸೂಜಿ ಎತ್ತಿದವರದು ಎಲ್ಲೂ ಇಲ್ಲ.

ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ನಿಲ್ಲಿಸಿದರು. ಪೌರಕಾರ್ಮಿಕರ ಸ್ಥಿತಿಗತಿ ನೋಡಲು ನೇಮಿಸಿದ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಅನ್ನುವ ಲೆಕ್ಕ ಅಲ್ಲಿಂದ ಬಂದಿದ್ದು. ಆ ವರದಿಯ ಕಾಲಕ್ಕೆ ನಮ್ಮ ಕಡೆ ಮನೆಯ ಕಸದಲ್ಲಿ ಸೂಜಿ ಇನ್ನೂ ಇರಲಿಲ್ಲ. ಕಂಪೌಂಡರನ ಡಬ್ಬಿಯಲ್ಲೇ ಕುದಿಯುತ್ತಿತ್ತು.

ಈಗ ಲೆಕ್ಕ ಹಾಕಿ. ರೋಗ ಇರುವವರ ರಕ್ತ ಮೆತ್ತಿದ ಸೂಜಿ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೆ ಇರಬಹುದು. ಹೆಪಟೈಟಿಸ್ ಸಿ ನೂರಕ್ಕೆ 2ರ ಆಸುಪಾಸು, ಎಚ್‌ಐವಿ ಸಾವಿರಕ್ಕೆ 3. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ 7 ದಿನ ಬದುಕಬಲ್ಲದು. ನಮ್ಮ ಮನೆಯಿಂದ ಗಾಡಿಗೆ ಹೋಗಲು ಒಂದೇ ದಿನ ಸಾಕು. ಸಂಖ್ಯೆ ಸಣ್ಣದು ಅಂತ ನಾವು ಕುರ್ಚಿಯಲ್ಲಿ ಕೂತು ಹೇಳಬಹುದು. ಆ ಅಕ್ಕನಿಗೆ ಮಾತ್ರ ಅದು ಆರು ತಿಂಗಳ ನಿದ್ದೆ.

ಹಾಗಾದರೆ ಏನು ಮಾಡಬೇಕು?

ಓದಿದ್ದು, ಡಾಕ್ಟರರನ್ನು ಕೇಳಿದ್ದು ಸೇರಿಸಿ ಹೇಳುತ್ತೇನೆ.

ಸೂಜಿಗೆ ದಪ್ಪ ಪ್ಲಾಸ್ಟಿಕ್ಕಿನ, ತಿರುಪು ಮುಚ್ಚಳದ ಡಬ್ಬಿ ಬೇಕು. ಗಾಜು ಒಡೆಯುತ್ತದೆ, ನೀರಿನ ತೆಳು ಬಾಟಲಿಯನ್ನು ಸೂಜಿ ತೂರಿ ಬರುತ್ತದೆ. (ಅಂದರೆ ನಮ್ಮ ಹಾರ್ಲಿಕ್ಸ್ ಬಾಟಲಿಯೂ ಸರಿಯಲ್ಲ.) ಚುಚ್ಚಿದ ತಕ್ಷಣ ಸೂಜಿಗೆ ಮತ್ತೆ ಟೋಪಿ ಹಾಕಲು ಹೋಗದೆ, ಬಗ್ಗಿಸದೆ, ನೇರ ಡಬ್ಬಿಗೆ. ಮುಕ್ಕಾಲು ತುಂಬಿದಾಗ ಮುಚ್ಚಿ, ಟೇಪು ಸುತ್ತಿ, "ಸೂಜಿ ಇದೆ, ಎಚ್ಚರ" ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಉಳಿದ ಕಸದ ಜೊತೆ ಸೇರಿಸದೆ ಕೈಗೇ ಕೊಡಬೇಕು. ಇಲ್ಲವೇ ನೀವು ತೋರಿಸುವ ಆಸ್ಪತ್ರೆಯಲ್ಲಿ ಕೇಳಿ. ಅವರ ಹತ್ತಿರ ಸೂಜಿಗೆ ಬಿಳಿ ಡಬ್ಬಿ, ಅವಧಿ ಮೀರಿದ ಔಷಧಕ್ಕೆ ಹಳದಿ ಚೀಲ ಇರುತ್ತದೆ, ಅದನ್ನು ಒಯ್ಯುವ ಗಾಡಿಯೂ ಬರುತ್ತದೆ.

ಗುಳಿಗೆಗಳನ್ನು ಬೇರೆ ಚೀಲದಲ್ಲಿಡಿ. ಮನೆಯಲ್ಲಿ ಸುಡಬೇಡಿ, ಹೊಗೆ ವಿಷ. ಇನ್ನೊಬ್ಬರಿಗೆ ದಾನ ಮಾಡಬೇಡಿ. ಎಲ್ಲಕ್ಕಿಂತ ಮೊದಲು, ಬೇಕಾದಷ್ಟೇ ಕೊಳ್ಳಿ, ಆಂಟಿಬಯೋಟಿಕ್ ಕೊಟ್ಟಷ್ಟು ದಿನ ಪೂರ್ತಿ ನುಂಗಿ.

ಯಾರಿಗಾದರೂ ಸೂಜಿ ಚುಚ್ಚಿದರೆ ಹಿಂಡಬೇಡಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಚ್‌ಐವಿ ತಡೆಯುವ ಗುಳಿಗೆ ಆದಷ್ಟು ಬೇಗ, 72 ಗಂಟೆಯ ಒಳಗೆ ಶುರುವಾಗಬೇಕು.

ಡಬ್ಬಿ ಏನಾಯಿತು?

ಕಾರ್ಯದ ಮರುದಿನ ಡಬ್ಬಿ ಹಿಡಿದು ಹೊರಟೆ. ಒಂದು ಮೆಡಿಕಲ್ ಶಾಪಿನಲ್ಲಿ "ಹಳೇದು ನಾವು ತಗೊಳ್ಳಂಗಿಲ್ರಿ, ರಿಟರ್ನ್ ಏನಿದ್ರೂ ಕಂಪನೀಗೆ" ಅಂದರು. ಇನ್ನೊಂದು ಕಡೆ "ಹೊಳೀಗೆ ಒಗದು ಬಿಡ್ರಿ" ಅಂದ ಒಬ್ಬ. ಯಾವ ಹೊಳೆಗೆ? ಊರು ಮುಳುಗಿಸಿದ ಅದೇ ಹಿನ್ನೀರಿಗಾ? ಅವನ ಮುಖ ನೋಡಿ ಸುಮ್ಮನೆ ಬಂದೆ. ಕೊನೆಗೆ ಒಂದು ಸಣ್ಣ ನರ್ಸಿಂಗ್ ಹೋಮಿನ ಸಿಸ್ಟರ್ ಹಾರ್ಲಿಕ್ಸ್ ಬಾಟಲಿ ನೋಡಿ, "ಎಷ್ಟು ವರ್ಷದ್ದು ಇದು?" ಅಂತ ಕೇಳಿ, ಕೈಗವಸು ಹಾಕಿಕೊಂಡು, ಸೂಜಿಗಳನ್ನು ತಮ್ಮ ಬಿಳಿ ಡಬ್ಬಿಗೆ ಸುರಿದುಕೊಂಡರು. "ಗುಳಿಗಿ ಮಾತ್ರ ಕೇಳಿ ಹೇಳ್ತೀನಿ" ಅಂದರು. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಗಾಡಿ ಬಂದಾಗ ಅವ್ವ ತಾನೇ ಗೇಟಿಗೆ ಹೋಗಿ ಆ ಅಕ್ಕನಿಗೆ, "ತಂಗಿ, ಇನ್ನ ಸೂಜಿ ಇಲ್ಲವ್ವಾ ನಮ್ಮ ಮನ್ಯಾಗ. ಎಲ್ಲಾ ದವಾಖಾನಿಗೆ ಕೊಟ್ಟು ಬಂದಾನ ನನ್ನ ಮಗ" ಅಂದಳು. ಆಕೆ ತಲೆ ಆಡಿಸಿದಳು. ಆಮೇಲೆ, "ನಿಮ್ಮ ಮನ್ಯಾಗ ಇಲ್ಲ ಖರೇ. ಈ ಲೈನಿನ್ಯಾಗ ಇನ್ನೂ ಎಷ್ಟು ಮನಿ ಅದಾವ್ರಿ" ಅಂದಳು. ಕೋಲಿನಿಂದಲೇ ಕಸ ಎತ್ತಿಕೊಂಡು ಮುಂದಿನ ಮನೆಗೆ ಹೋದಳು.

ಗುಳಿಗೆಯ ಡಬ್ಬಿ ಇನ್ನೂ ನನ್ನ ಹತ್ತಿರ ಇದೆ, ಬೆಂಗಳೂರಿನ ರೂಮಿನಲ್ಲಿ, ಮೇಲಿನ ಶೆಲ್ಫಿನಲ್ಲಿ. ನಿಮ್ಮ ಊರಿನಲ್ಲಿ ಇಂಥವನ್ನು ತೆಗೆದುಕೊಳ್ಳುವ ಕೇಂದ್ರ ನಿಜವಾಗಿ ನಡೆಯುತ್ತಿದ್ದರೆ ದಯವಿಟ್ಟು ತಿಳಿಸಿ. ನಿಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ ಇವತ್ತು ರಾತ್ರಿಯೇ ಒಂದು ದಪ್ಪ ಡಬ್ಬಿ ಹುಡುಕಿಡಿ. ಬೆಳಿಗ್ಗೆ ಗಾಡಿ ಬರುತ್ತದೆ.